ಫ್ಯಾಬ್, ಮಿಂಟ್‌ಬಾಡಿ, ಕ್ರೋಮೋಬಾಡಿ: ಜೀವಂತ ಕ್ಯಾನ್ಸರ್ ಕೋಶಕ್ಕೆ ಯಾವುದು?

ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನಾದ ಹಿಸ್ಟೋನಿಗೆ ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನನ್ನು ಜೋಡಿಸಿದರೆ ಹಿಸ್ಟೋನ್ ಎಲ್ಲಿದೆ ಎಂದು ಕಾಣುತ್ತದೆಯೇ ಹೊರತು ಅದಕ್ಕೆ ಅಸಿಟೈಲ್ ಅಂಟಿದೆಯೋ ಫಾಸ್ಫೇಟ್ ಅಂಟಿದೆಯೋ ಗೊತ್ತಾಗುವುದಿಲ್ಲ. ಆ ವ್ಯತ್ಯಾಸ ಹಿಡಿಯಲು ಪ್ರತಿಕಾಯ ಬೇಕು. ಆದರೆ ಇಡೀ ಪ್ರತಿಕಾಯ, ಅಂದರೆ ಐಜಿಜಿ, 150 ಕಿಲೋಡಾಲ್ಟನ್ ತೂಗುತ್ತದೆ, ನ್ಯೂಕ್ಲಿಯಸ್ಸಿನ ರಂಧ್ರ ದಾಟುವುದಿಲ್ಲ, ಎರಡೂ ತೋಳುಗಳಿಂದ ಗುರಿಯನ್ನು ಹಿಡಿದರೆ ಬೇಗ ಬಿಡುವುದೂ ಇಲ್ಲ. ಬದುಕಿರುವ ಹೀಲಾ ಅಥವಾ ಯು2ಒಎಸ್ ಕ್ಯಾನ್ಸರ್ ಕೋಶದಲ್ಲಿ ಕೆಲಸಕ್ಕೆ ಬರುವುದು ಇದರ ತುಂಡುಗಳು: 50 ಕಿಲೋಡಾಲ್ಟನ್ನಿನ ಒಂದು ತೋಳಾದ ಫ್ಯಾಬ್, ಕೋಶವೇ ತಯಾರಿಸಿಕೊಳ್ಳುವ ಮಿಂಟ್‌ಬಾಡಿ, ಅಲ್ಪಾಕಾ-ಒಂಟೆ ಜಾತಿಯ ಪ್ರತಿಕಾಯದಿಂದ ಬಂದ ಕ್ರೋಮೋಬಾಡಿ.

ಮೊದಲು ಫ್ಯಾಬ್. ಜಪಾನಿನ ಹಿರೋಶಿ ಕಿಮುರಾ ಅವರ ತಂಡ 2009ರಲ್ಲಿ ಎಚ್3 ಹಿಸ್ಟೋನಿನ 10ನೇ ಸೆರೀನ್ ಫಾಸ್ಫೇಟನ್ನು ಜೀವಂತ ಕೋಶದಲ್ಲಿ ತೋರಿಸಿದ್ದು ಇದರಿಂದಲೇ. ಇಲಿಯ ಐಜಿಜಿ1 ಆದರೆ ಪ್ರತಿಕಾಯ ಕತ್ತರಿಸುವ ಕಿಣ್ವವಾಗಿ ಪಪೈನ್ ಬದಲು ಫಿಸಿನ್ ಬಳಸಿ. 25 ಮಿಲಿಮೋಲಾರ್ ಸಿಸ್ಟೀನ್ ಜೊತೆಗೆ 37 ಡಿಗ್ರಿಯಲ್ಲಿ 3ರಿಂದ 5 ಗಂಟೆ ಇಟ್ಟರೆ ಫ್ಯಾಬ್ ಬರುತ್ತದೆ. ಉಳಿದ ಬಾಲವಾದ ಎಫ್‌ಸಿ ಭಾಗವನ್ನು ಪ್ರೋಟೀನ್ ಎ ಕಾಲಂ ಹಿಡಿದುಕೊಳ್ಳುತ್ತದೆ. ಬಣ್ಣ ಹಚ್ಚುವುದು ಪಿಎಚ್ 8.3ರ 100 ಮಿಲಿಮೋಲಾರ್ ಬೈಕಾರ್ಬೊನೇಟಿನಲ್ಲಿ, 100 ಮೈಕ್ರೋಗ್ರಾಂ ಫ್ಯಾಬ್‌ಗೆ ಅಲೆಕ್ಸಾ ಫ್ಲೋರ್ 488 ಎಂಬ ಹೊಳೆಯುವ ಬಣ್ಣ ಹಾಕಿ, ಒಂದು ಗಂಟೆ, ಕತ್ತಲೆಯಲ್ಲಿ.

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಅಂಗಡಿಯಿಂದ ತರಿಸಿದ ಪ್ರತಿಕಾಯದ ಬಾಟಲಿಯಲ್ಲಿ ಬಿಎಸ್‌ಎ ಎಂಬ ದನದ ಪ್ರೋಟೀನ್ ಇದ್ದರೆ ಬಣ್ಣ ಅದಕ್ಕೇ ಹತ್ತುತ್ತದೆ. ಬಿಎಸ್‌ಎ 66 ಕಿಲೋಡಾಲ್ಟನ್, ಹಾಗಾಗಿ 10 ಕಿಲೋಡಾಲ್ಟನ್ ಫಿಲ್ಟರಿನಲ್ಲಿ ಎಷ್ಟು ಸಲ ತಿರುಗಿಸಿದರೂ ಹೋಗುವುದಿಲ್ಲ. ಟ್ರಿಸ್, ಗ್ಲೈಸಿನ್ ಇದ್ದರೆ ಅವುಗಳ ಅಮೈನ್ ಗುಂಪೇ ಬಣ್ಣವನ್ನು ನುಂಗುತ್ತದೆ. ಕೆಡದಂತೆ ಹಾಕುವ ಅಜೈಡ್ ಉಳಿದರೆ ಕೋಶಕ್ಕೆ ವಿಷ. ತರಿಸುವಾಗಲೇ ಬರಿಯ ಪಿಬಿಎಸ್ ಉಪ್ಪುದ್ರಾವಣದಲ್ಲಿರುವುದನ್ನು ಕೇಳಿ. ಫ್ಯಾಬ್ ಒಂದಕ್ಕೆ ಸರಾಸರಿ ಒಂದು ಬಣ್ಣದ ಅಣು ಸಾಕು. ಹೆಚ್ಚು ಹೊಳೆಯಲಿ ಎಂದು ಮೂರು ನಾಲ್ಕಕ್ಕೆ ಏರಿಸಿದರೆ, ಗುರಿ ಹಿಡಿಯುವ ಜಾಗದ ಲೈಸಿನ್‌ಗಳಿಗೂ ಬಣ್ಣ ಕೂತು ಹಿಡಿತವೇ ಹೋಗುತ್ತದೆ. ಚಿತ್ರ ಚೆನ್ನಾಗಿರುತ್ತದೆ, ಅದಕ್ಕೆ ಅರ್ಥ ಮಾತ್ರ ಇರುವುದಿಲ್ಲ.

ಕೋಶದೊಳಗೆ ಸೇರಿಸಲು ಬೀಡ್ ಲೋಡಿಂಗ್, ಅಂದರೆ ಗಾಜಿನ ಮಣಿಗಳಿಂದ ಕೋಶದ ಪೊರೆಯಲ್ಲಿ ಕ್ಷಣಕಾಲ ತೂತು ಮಾಡುವುದು. 35 ಮಿಲಿಮೀಟರಿನ ಗಾಜುತಳದ ಡಿಶ್, ಮುಕ್ಕಾಲು ಭಾಗ ಕೋಶ ತುಂಬಿರಬೇಕು. ಸುಮಾರು 1 ಮಿಲಿಗ್ರಾಂ/ಮಿಲಿಲೀಟರ್ ಫ್ಯಾಬನ್ನು ಮೊದಲು ಸೆಂಟ್ರಿಫ್ಯೂಜ್ ಮಾಡಿ ಗಂಟುಗಳನ್ನು ತಳಕ್ಕಿಳಿಸಿ. ಬಿಟ್ಟರೆ ಸೈಟೋಪ್ಲಾಸಂ ತುಂಬ ಚುಕ್ಕೆ. ಮೀಡಿಯಂ ಪೂರ್ತಿ ಹೀರಿ ತೆಗೆದು, ಗಾಜಿನ ಭಾಗಕ್ಕೆ 4 ಮೈಕ್ರೋಲೀಟರ್ ಫ್ಯಾಬ್ ಬಿಟ್ಟು, 106 ಮೈಕ್ರೋಮೀಟರಿಗಿಂತ ಸಣ್ಣ ಗಾಜಿನ ಬೀಡ್ಸ್ ಒಂದೇ ಪದರ ಬರುವಂತೆ ಉದುರಿಸಿ. ಡಿಶ್ ಎತ್ತಿ ಮೇಜಿಗೆ ಹತ್ತು ಸಲ ಮೆಲ್ಲಗೆ ಕುಟ್ಟಿ, ಕೂಡಲೇ ಮೀಡಿಯಂ ಹಾಕಿ. ಒಂದು ನಿಮಿಷ ತಡವಾದರೂ ಅಂಚಿನ ಕೋಶಗಳು ಒಣಗುತ್ತವೆ. ಬೀಡ್ಸ್ ತೇವ ಹಿಡಿದಿದ್ದರೆ ಮುದ್ದೆಯಾಗಿ ಬಿದ್ದು, ಬಿದ್ದ ಕಡೆಯ ಕೋಶಗಳನ್ನೆಲ್ಲ ಕಿತ್ತು ತರುತ್ತವೆ. ಆಮೇಲೆ ಕನಿಷ್ಠ ನಾಲ್ಕಾರು ಗಂಟೆ ಕಾಯಲೇಬೇಕು. 50 ಕಿಲೋಡಾಲ್ಟನ್ ನ್ಯೂಕ್ಲಿಯಸ್ಸಿಗೆ ನಿಧಾನವಾಗಿಯೇ ನುಸುಳುತ್ತದೆ.

ಫ್ಯಾಬ್‌ನ ದೊಡ್ಡ ಲಾಭ, 488 ಬಣ್ಣ ಒಂದು ಗುರುತಿಗೆ (ಹಿಸ್ಟೋನಿನ ಒಂದು ಬದಲಾವಣೆಗೆ), ಸಿವೈ3 ಬಣ್ಣ ಇನ್ನೊಂದಕ್ಕೆ, ಸಿವೈ5 ಬಣ್ಣ ಯಾವುದನ್ನೂ ಹಿಡಿಯದ ಕಂಟ್ರೋಲ್ ಫ್ಯಾಬ್‌ಗೆ ಎಂದು ಮೂರನ್ನೂ ಒಂದೇ ಕೋಶಕ್ಕೆ ಕೊಡಬಹುದು. ಕೊರತೆಯೂ ಸ್ಪಷ್ಟ: ಪ್ರತಿ ವಿಭಜನೆಗೆ ಅರ್ಧ ಖಾಲಿ. ದಿನಕ್ಕೊಮ್ಮೆ ವಿಭಜಿಸುವ ಹೀಲಾದಲ್ಲಿ ಮೂರನೇ ದಿನ ನೋಡಲು ಹೆಚ್ಚೇನೂ ಇರುವುದಿಲ್ಲ.

ಮಿಂಟ್‌ಬಾಡಿಗೆ ಆ ತೊಂದರೆ ಇಲ್ಲ. ಪ್ರತಿಕಾಯ ತಯಾರಿಸುವ ಹೈಬ್ರಿಡೋಮಾ ಕೋಶದಿಂದ ಗುರಿ ಹಿಡಿಯುವ ವಿಎಚ್, ವಿಎಲ್ ತುಂಡುಗಳ ಅನುಕ್ರಮ ತೆಗೆದು, 15 ಅಮೈನೊ ಆಮ್ಲದ ಲಿಂಕರಿನಿಂದ ಜೋಡಿಸಿ, ತುದಿಗೆ ಜಿಎಫ್‌ಪಿ ಹಾಕಿ ಕೋಶಕ್ಕೆ ಜೀನ್ ಕೊಡುವುದು. ಎಚ್3ರ 9ನೇ ಲೈಸಿನ್ (ಕೆ9) ಅಸಿಟೈಲ್‌ಗೆ 2013ರಲ್ಲಿ, ಎಚ್4ರ ಕೆ20 ಮಾನೋಮೀಥೈಲ್‌ಗೆ 2016ರಲ್ಲಿ ಬಂದವು. ಆದರೆ ಕೋಶದೊಳಗಿನ ವಾತಾವರಣದಲ್ಲಿ ಡೈಸಲ್ಫೈಡ್ ಬಂಧ ಕೂಡುವುದಿಲ್ಲ, ಹಾಗಾಗಿ ಟ್ಯೂಬಿನಲ್ಲಿ ಸೊಗಸಾಗಿ ಹಿಡಿಯುವ ಪ್ರತಿಕಾಯವೂ ಒಳಗೆ ಮಡಚಿಕೊಳ್ಳದೆ ಗಂಟು ಕಟ್ಟಬಹುದು. ಹೊಸ ಗುರುತಿಗೆ ಮಿಂಟ್‌ಬಾಡಿ ಮಾಡಹೊರಟರೆ ತಿಂಗಳುಗಟ್ಟಲೆ ಸಮಯ ಹೋಗುವುದು ಇದಕ್ಕೇ. ಈಗಾಗಲೇ ಗಟ್ಟಿ ಎಂದು ಗೊತ್ತಿರುವ ಚೌಕಟ್ಟಿಗೆ ಗುರಿ ಹಿಡಿಯುವ ಕುಣಿಕೆಗಳನ್ನಷ್ಟೇ ಕಸಿ ಮಾಡುವುದು ಕೆಲವೊಮ್ಮೆ ಕೈಹಿಡಿಯುತ್ತದೆ.

ಪ್ರಕಾಶಮಾನ ಕೋಶಗಳನ್ನು ಆರಿಸಬೇಡಿ. ಮಿಂಟ್‌ಬಾಡಿ ಹೆಚ್ಚಾದರೆ ಗುರಿಗಳೆಲ್ಲ ತುಂಬಿ, ಉಳಿದದ್ದು ಎಲ್ಲೆಡೆ ತೇಲುತ್ತದೆ. ಬದಲಾವಣೆ ಅದರಡಿ ಮುಚ್ಚಿಹೋಗುತ್ತದೆ. ಜೀನನ್ನು ಕೋಶದ ಡಿಎನ್‌ಎಗೆ ಸೇರಿಸುವ ಪಿಗ್ಗಿಬ್ಯಾಕ್‌ನಿಂದ ಸ್ಥಿರ ಕೋಶಸಾಲು ಮಾಡಿ, ಸಾರ್ಟರಿನಲ್ಲಿ ಮಂದವಾಗಿ ಹೊಳೆಯುವವನ್ನು ಇಟ್ಟುಕೊಳ್ಳಿ. ಓದಬೇಕಾದದ್ದು ನ್ಯೂಕ್ಲಿಯಸ್ ಮತ್ತು ಸೈಟೋಪ್ಲಾಸಂ ಹೊಳಪಿನ ಅನುಪಾತ, ಒಟ್ಟು ಹೊಳಪಲ್ಲ. ಇದಕ್ಕೊಂದು ಗಟ್ಟಿ ಕಾರಣವಿದೆ. ಟ್ರೈಕೋಸ್ಟಾಟಿನ್ ಎ, ವೊರಿನೋಸ್ಟಾಟ್‌ನಂಥ ಔಷಧಗಳು ಹಿಸ್ಟೋನ್ ಅಸಿಟೈಲೀಕರಣ ಏರಿಸುವ ಜೊತೆಗೇ ಮಿಂಟ್‌ಬಾಡಿಯ ಜೀನನ್ನು ನಡೆಸುವ ಸಿಎಂವಿ ಪ್ರೊಮೋಟರನ್ನೂ ಚುರುಕುಗೊಳಿಸುತ್ತವೆ. ಜಿಎಫ್‌ಪಿ ತಯಾರಿಯೇ ಹೆಚ್ಚಾಗಿ ಹೊಳಪು ಏರುತ್ತದೆ. ಅದನ್ನೇ ಅಸಿಟೈಲೀಕರಣ ಎಂದುಕೊಂಡರೆ ಇಡೀ ಗ್ರಾಫ್ ಸುಳ್ಳು. ಗುರಿ ಹಿಡಿಯದಂತೆ ರೂಪಾಂತರಿಸಿದ ಮಿಂಟ್‌ಬಾಡಿಯ ಕೋಶಸಾಲು ಪಕ್ಕದಲ್ಲಿ ಇರಲೇಬೇಕು. ಅದರ ಅನುಪಾತವೂ ಏರಿದರೆ ಔಷಧ ಬೇರೇನೋ ಮಾಡುತ್ತಿದೆ.

ಕ್ರೋಮೋಬಾಡಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅದರ ತಿರುಳಾದ ನ್ಯಾನೊಬಾಡಿ ಬರೀ 15 ಕಿಲೋಡಾಲ್ಟನ್, ಒಂದೇ ಡೊಮೇನ್, ಕೋಶದೊಳಗೆ ಚೆನ್ನಾಗಿ ಮಡಚಿಕೊಳ್ಳುತ್ತದೆ. ಪಿಸಿಎನ್‌ಎ, ಬೀಟಾ-ಕಟೆನಿನ್‌ನಂಥ ಪ್ರೋಟೀನ್ ಎಲ್ಲಿದೆ, ಎಷ್ಟಿದೆ ಎಂದು ನೋಡಲು ಇದಕ್ಕೆ ಸಮನಿಲ್ಲ. ಆದರೆ ಇದರ ಹಿಡಿಯುವ ಮೈ ಹೆಚ್ಚಾಗಿ ಉಬ್ಬಿದ್ದು ಪ್ರೋಟೀನಿನ ತಗ್ಗುಗಳಿಗೆ ಹೊಂದುತ್ತದೆ. ಪೆಪ್ಟೈಡಿನ ಬಾಲದಲ್ಲಿ ಒಂದು ಫಾಸ್ಫೇಟ್ ಇದೆಯೋ ಇಲ್ಲವೋ ಎಂಬ ಸೂಕ್ಷ್ಮಕ್ಕೆ ಸಿಗುವ ನ್ಯಾನೊಬಾಡಿಗಳು ಕಡಿಮೆ. ಬದಲಾವಣೆ ನೋಡುವುದೇ ಗುರಿಯಾದರೆ ಇದನ್ನು ಪಕ್ಕಕ್ಕಿಡಿ.

ಹಾಗಾದರೆ ಎಲ್ಲಿಂದ ಶುರು? ಪ್ರಶ್ನೆ ಒಂದು ದಿನದೊಳಗೆ ಮುಗಿಯುವಂಥದ್ದಾದರೆ, ಅಥವಾ ಆ ಪ್ರತಿಕಾಯ ಜೀವಂತ ಕೋಶದಲ್ಲಿ ನಡೆಯುತ್ತದೋ ಇಲ್ಲವೋ ಎಂದೇ ಗೊತ್ತಿಲ್ಲದಿದ್ದರೆ, ಫ್ಯಾಬ್. ಹಲವು ವಿಭಜನೆಗಳ ಉದ್ದಕ್ಕೂ ಹಿಂಬಾಲಿಸಬೇಕು ಅಥವಾ 96 ಕುಳಿಯ ತಟ್ಟೆಯಲ್ಲಿ ಔಷಧ ಪರೀಕ್ಷಿಸಬೇಕು ಎಂದಾದರೆ ಮಾತ್ರ ಮಿಂಟ್‌ಬಾಡಿಯ ಶ್ರಮಕ್ಕೆ ಬೆಲೆ. ಯಾವುದೇ ಆದರೂ, ಗುರಿಯನ್ನು ಹಿಡಿದು ಕೆಲವೇ ಸೆಕೆಂಡುಗಳಲ್ಲಿ ಬಿಡುವಂಥದ್ದು ಬೇಕು. ಫ್ರ್ಯಾಪ್ ಮಾಡಿ, ಅಂದರೆ ಒಂದು ಜಾಗದ ಹೊಳಪನ್ನು ಲೇಸರಿನಿಂದ ಅಳಿಸಿ ಎಷ್ಟು ಬೇಗ ಮರಳುತ್ತದೆ ಎಂದು ನೋಡಿ. ಬಿಡದೆ ಕೂತರೆ ಕಿಣ್ವಗಳಿಗೆ ದಾರಿ ಮುಚ್ಚುತ್ತದೆ. ಎಚ್3ರ 10ನೇ ಸೆರೀನ್ (ಎಸ್10) ಫಾಸ್ಫೇಟ್ ನೋಡುತ್ತಿದ್ದರೆ, ಅದನ್ನು ಅಂಟಿಸುವ ಅರೋರಾ ಬಿ ಕಿಣ್ವವನ್ನು ತಡೆಯುವ ಜ಼ಡ್‌ಎಂ447439 ಅನ್ನು 2 ಮೈಕ್ರೋಮೋಲಾರ್ ಕೊಡಿ, ವರ್ಣತಂತುಗಳ ಮೇಲಿನ ಹೊಳಪು ಇಳಿಯಬೇಕು. ಇನ್ನು ಲೇಸರ್: 488 ಅನ್ನು ಸಾಧ್ಯವಾದಷ್ಟು ತಗ್ಗಿಸಿ, ಫೀನಾಲ್ ರೆಡ್ ಇಲ್ಲದ ಮೀಡಿಯಂ ಬಳಸಿ, ಐದು ನಿಮಿಷಕ್ಕೊಂದು ಚಿತ್ರ. ಬೆಳಕು ಬೀಳದ ಪಕ್ಕದ ಜಾಗದ ಕೋಶಗಳಿಗಿಂತ ನಿಮ್ಮ ಕೋಶಗಳು ಮೈಟೋಸಿಸ್‌ನಲ್ಲಿ ಹೆಚ್ಚು ಹೊತ್ತು ಸಿಕ್ಕಿಬಿದ್ದಿದ್ದರೆ, ಆ ಡಿಶ್‌ನ ಅಂಕಿಅಂಶ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.