ಪಂಪ್ ರೈಫಲ್, ಬೋಲ್ಟ್ ರೈಫಲ್ ಮತ್ತು ಮನೆಯ ಜೋಡಿ ನಳಿಗೆ: ಒಬ್ಬ ಎಡಗೈಯವನ ಹೋಲಿಕೆ

ನಾನು ಎಡಗೈಯವನು. ಕೋವಿಯನ್ನೂ ಎಡ ಹೆಗಲಿಗೇ ಇಡುವುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವ ತೀರ್ಮಾನದಲ್ಲಿ ಅರ್ಧ ಅದರಿಂದಲೇ ಬಂದದ್ದು.

ಕಾರ್ಕಳದ ನಮ್ಮ ಅಡಿಕೆ ತೋಟಕ್ಕೆ ಅಪ್ಪನ ಕಾಲದಿಂದ ಒಂದು ಜೋಡಿ ನಳಿಗೆ ಕೋವಿ ಇದೆ. 12 ಬೋರ್, ಬೆಳೆ ರಕ್ಷಣೆಯ ಲೈಸೆನ್ಸ್. ಅದು ಬಿಟ್ಟರೆ ಅತ್ತೂರು ಜಾತ್ರೆಯಲ್ಲಿ ಬಲೂನಿಗೆ ಗುರಿ ಹಿಡಿದದ್ದು, ಅಷ್ಟೇ ನನ್ನ ಅನುಭವ. 2018ರಲ್ಲಿ ಸಿಡ್ನಿಯ ಅಕ್ಕನ ಮನೆಗೆ ಹೋದಾಗ ಭಾವ ಅವರ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ಫಾರ್ಮ್ ತುಂಬಿಸಿಕೊಂಡು, ಕ್ಲಬ್ಬಿನವರೊಬ್ಬರು ಪಕ್ಕದಲ್ಲೇ ನಿಂತು, ಎರಡು ರೈಫಲ್ ಕೊಟ್ಟರು. ಎರಡೂ .22, ಅಂದರೆ ಸಣ್ಣ ಗುಂಡಿನವು. ಒಂದು ಬೋಲ್ಟಿನದು, ಪ್ರತಿ ಗುಂಡಿಗೂ ಪಕ್ಕದ ಹಿಡಿಕೆ ಎತ್ತಿ ಎಳೆದು ತಳ್ಳುವಂಥದ್ದು, 5 ಗುಂಡಿನ ಮ್ಯಾಗಜೀನ್. ಇನ್ನೊಂದು ಪಂಪಿನದು, ನಳಿಗೆಯ ಕೆಳಗಿನ ಟ್ಯೂಬಿನಲ್ಲಿ 15 ಗುಂಡು. ಗುರಿ 50 ಮೀಟರ್ ದೂರ.

ಬೋಲ್ಟ್ ಮೊದಲು. ಗುರಿಯ ಲೆಕ್ಕದಲ್ಲಿ ಅದೇ ಗೆದ್ದಿತು, ಅದರಲ್ಲಿ ಅನುಮಾನವೇ ಇಲ್ಲ. ಐದೂ ಗುಂಡು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದವು. ಮರದ ಹಿಡಿ ಹಿಂದಿನಿಂದ ಮುಂದಿನವರೆಗೂ ಒಂದೇ ತುಂಡು, ಅಲುಗಾಡುವ ಭಾಗ ಕಡಿಮೆ. ಆದರೆ ಬೋಲ್ಟಿನ ಹಿಡಿಕೆ ಇರುವುದು ಬಲಕ್ಕೆ. ಪ್ರತಿ ಗುಂಡಿಗೂ ನಾನು ಟ್ರಿಗರಿನಿಂದ ಎಡಗೈ ತೆಗೆದು, ರೈಫಲಿನ ಮೇಲಿಂದ ದಾಟಿಸಿ ಬೋಲ್ಟ್ ಎಳೆಯಬೇಕು. ಅಷ್ಟರಲ್ಲಿ ಕೆನ್ನೆ ಎದ್ದಿರುತ್ತದೆ, ಕಣ್ಣು ಗುರಿಯಿಂದ ಜಾರಿರುತ್ತದೆ. ಐದು ಗುಂಡಿಗೆ ಐದು ಸಲ ಹೊಸದಾಗಿ ಶುರು ಮಾಡಿದ ಹಾಗೆ.

ಆಮೇಲೆ ಪಂಪ್ ಹಿಡಿದೆ. ಮುಂದಿನ ಹಿಡಿಯನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟೆ ಹೊರಗೆ ಹಾರುತ್ತದೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ ಕೂರುತ್ತದೆ. ಆ ಕೆಲಸವನ್ನು ಮಾಡುವುದು ಹೇಗೂ ರೈಫಲಿಗೆ ಆಸರೆಯಾಗಿರುವ ಕೈ. ಎಡಗೈ ಟ್ರಿಗರಿನಲ್ಲೇ, ಕೆನ್ನೆ ಮರಕ್ಕೆ ಅಂಟಿಕೊಂಡೇ, ಗುರಿ ಕಣ್ಣೆದುರೇ. ಚಕ್ ಚಕ್, ಇನ್ನೊಂದು ಈಡು. ನಾಲ್ಕನೆಯದರ ಹೊತ್ತಿಗೆ ಕೈಗೆ ತಾಳ ಸಿಕ್ಕಿತು. ಒಂದು ಬಿಸಿ ತೋಟೆ ಬಲ ಮುಂಗೈಗೆ ತಾಗಿ ಚುರ್ರೆಂದಿತು, ಆದರೂ ಕೆನ್ನೆ ಎತ್ತಲಿಲ್ಲ. ಹದಿನೈದೂ ಮುಗಿದಾಗ ಭಾವ "ಎಂಥ ಮಾರಾಯ, ಮುಖ ಹೀಗೆ ಅರಳಿದೆ!" ಅಂದರು.

ಕಾಗದ ನೋಡಿದರೆ ತೂತುಗಳೆಲ್ಲ ಒಂದು ಗೋಳಿಬಜೆಯಷ್ಟು ಅಗಲಕ್ಕೆ ಹರಡಿದ್ದವು. ಸ್ಪರ್ಧೆಗೆ ಅದು ಸಾಲದು. ಮೇಜಿನ ಮೇಲೆ ಮರಳುಚೀಲಕ್ಕೆ ಒರಗಿಸಿ ಹೊಡೆಯಲೂ ಪಂಪ್ ಸರಿಯಾಗುವುದಿಲ್ಲ, ಒರಗಿಸುವ ಜಾಗವೇ ಜಾರುವ ಭಾಗ ಅಲ್ವಾ? ನಿಂತು ಹೊಡೆಯುವವನಿಗೆ ಮಾತ್ರ ಅದರ ಸುಖ ತಿಳಿಯುತ್ತದೆ. ಅಮೆರಿಕದ ಜಾತ್ರೆಗಳ ಗುರಿ ಹೊಡೆಯುವ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಇಂಥ ಪಂಪ್ .22ಗಳೇ ಇರುತ್ತಿದ್ದವು. ಕೋವಿ ವಿನ್ಯಾಸಕ ಜಾನ್ ಬ್ರೌನಿಂಗ್ ಮತ್ತು ಅವನ ತಮ್ಮ ರೂಪಿಸಿದ ವಿಂಚೆಸ್ಟರ್ 1890 ಮಾದರಿಯೇ ಲಕ್ಷಗಟ್ಟಲೆ ತಯಾರಾಯಿತು.

ದೊಡ್ಡ ಗುಂಡಿನ ರೈಫಲಿಗೆ ಬಂದರೆ ಟ್ಯೂಬ್ ತೊಂದರೆ ಕೊಡುತ್ತದೆ. ಅದರಲ್ಲಿ ಗುಂಡುಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ತುದಿ ಚೂಪಾಗಿದ್ದರೆ ಮುಂದಿನ ತೋಟೆಯ ಕೇಪಿಗೆ, ಅಂದರೆ ತಳದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆಗೆ, ಒತ್ತಿ ಸಿಡಿಯುವ ಅಪಾಯ. ಅದಕ್ಕೇ 1952ರಲ್ಲಿ ಬಂದ ರೆಮಿಂಗ್ಟನ್ 760 ಪಂಪ್ ರೈಫಲಿಗೆ ಟ್ಯೂಬಿನ ಬದಲು ಪೆಟ್ಟಿಗೆ ಮ್ಯಾಗಜೀನ್ ಕೊಟ್ಟರು. ಆಸ್ಟ್ರೇಲಿಯಾದಲ್ಲಿ 1996ರ ಹತ್ಯಾಕಾಂಡದ ನಂತರ ಬಂದ ಕಾನೂನು ತಾನಾಗಿ ಗುಂಡು ತುಂಬಿಕೊಳ್ಳುವ ರೈಫಲ್‌ಗಳಿಗೂ ಪಂಪ್ ಶಾಟ್‌ಗನ್‌ಗಳಿಗೂ ಕಡಿವಾಣ ಹಾಕಿತು, ಪಂಪ್ ರೈಫಲನ್ನು ಬಿಟ್ಟಿತು. ಬೇಗ ಬೇಗ ಹೊಡೆಯಬೇಕೆನ್ನುವವರು ಅದರ ಕಡೆ ತಿರುಗಿದ್ದು ಹಾಗೆ.

ಊರಿಗೆ ಬಂದ ಮೇಲೂ ಆ ಚಕ್ ಚಕ್ ಕಿವಿಯಿಂದ ಹೋಗಲಿಲ್ಲ. ಇಲ್ಲಿ ಪಂಪ್ ರೈಫಲ್ ಸಿಗುವುದು ಬಲು ಅಪರೂಪ. ಸಿಗುವುದು ತಿರುಚಿರಾಪಳ್ಳಿಯ ಸರ್ಕಾರಿ ಕಾರ್ಖಾನೆಯ 12 ಬೋರ್ ಪಂಪ್ ಕೋವಿ. ಮಂಗಳೂರಿನ ಕೋವಿ ಅಂಗಡಿಯಲ್ಲಿ ಖಾಲಿ ಕೋವಿ ಹಿಡಿದು ಎಳೆದು ನೋಡಿದೆ. ಎಡಗೈಗೆ ಚೆನ್ನಾಗಿಯೇ ಒಗ್ಗಿತು. ಆದರೂ ಕೊಳ್ಳಲಿಲ್ಲ. ತೋಟದಲ್ಲಿ ಮಂಗ ಓಡಿಸಲು ಒಂದು ಖಾಲಿ ಈಡು ಸಾಕು, ಎಷ್ಟೋ ದಿನ ಗರ್ನಾಲು ಪಟಾಕಿಯೇ ಸಾಕಾಗುತ್ತದೆ. ಮೇಲಾಗಿ ನಮ್ಮ ಮಳೆ. ಆಟಿ ತಿಂಗಳಲ್ಲಿ ವಾರ ಬಿಟ್ಟರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಜೋಡಿ ನಳಿಗೆ ಮೂರು ತುಂಡಾಗಿ ಬಿಚ್ಚುತ್ತದೆ, ಹತ್ತು ನಿಮಿಷದಲ್ಲಿ ಒರೆಸಿ ಎಣ್ಣೆ ಹಚ್ಚಬಹುದು. ಪಂಪಿನ ಟ್ಯೂಬು, ಸ್ಪ್ರಿಂಗು, ಸರಳುಗಳ ಸಂದಿಗೆಲ್ಲ ಬಟ್ಟೆ ತೂರಿಸುತ್ತಾ ಕೂರಬೇಕು.

ಹೊಡೆಯುವ ಖುಷಿಗೆ ನನ್ನ ಓಟು ಪಂಪ್ ರೈಫಲಿಗೇ, ಮುಂದಿನ ಸಲ ಸಿಡ್ನಿಗೆ ಹೋದರೆ ಬೋಲ್ಟ್ ಮುಟ್ಟುವುದೂ ಇಲ್ಲ. ಮನೆಯಲ್ಲಿ ಇಡಲು ಮಾತ್ರ ಅಪ್ಪನದೇ. ಪ್ರತಿ ಚುನಾವಣೆಗೂ ಅದನ್ನು ಠಾಣೆಯಲ್ಲಿ ಇಟ್ಟು ಬರಬೇಕಾಗುತ್ತದೆ. ವಾಪಸ್ ತಂದ ದಿನ ಮೊದಲು ಮಡಚಿ, ಎರಡೂ ನಳಿಗೆಗಳನ್ನು ಅಂಗಳದ ಬೆಳಕಿಗೆ ಹಿಡಿದು ಕಣ್ಣಿಡುತ್ತೇನೆ. ಒಳಗೆ ಏನೂ ಇಲ್ಲ ಅನ್ನುವುದು ಆಚೆ ಕಾಣುವ ಅಡಿಕೆ ಸೋಗೆಯಿಂದಲೇ ಗೊತ್ತಾಗುತ್ತದೆ.