ಎನ್ವಿರೋಥಾನ್: ಕೈಗೆ ಮಣ್ಣು ಮೆತ್ತಿಸುವ ಪರೀಕ್ಷೆ

ಪರಿಸರ ಸ್ಪರ್ಧೆ ಅಂದರೆ ಓಜೋನ್ ಪದರ, ಅಳಿವಿನಂಚಿನ ಪ್ರಾಣಿಗಳ ಪಟ್ಟಿ ಬಾಯಿಪಾಠ ಮಾಡಿದರೆ ಆಯಿತು ಅನ್ನುವವರಿಗೆ ಉತ್ತರ ಅಮೆರಿಕದ ಎನ್ವಿರೋಥಾನ್ ಒಳ್ಳೇ ಉತ್ತರ. 1979ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಶುರುವಾದ ಈ ಸ್ಪರ್ಧೆಗೆ ಹೈಸ್ಕೂಲಿನ ಐವರು ಸೇರಿ ಒಂದು ತಂಡ. ಮಣ್ಣು, ಜಲಪರಿಸರ, ಅರಣ್ಯ, ವನ್ಯಜೀವಿ ಖಾಯಂ ವಿಷಯಗಳು. ಐದನೆಯದು ವರ್ಷವರ್ಷವೂ ಬದಲಾಗುತ್ತದೆ.

ಮಣ್ಣಿನ ವಿಭಾಗವೇ ಇದರ ಜೀವಾಳ. ಮಣ್ಣನ್ನು ನೀರು ಚಿಮುಕಿಸಿ ಹಿಟ್ಟಿನ ಹದಕ್ಕೆ ನಾದಿ, ಹೆಬ್ಬೆರಳು, ತೋರುಬೆರಳ ನಡುವೆ ಒತ್ತುತ್ತಾ ರಿಬ್ಬನ್, ಅಂದರೆ ಮಣ್ಣಿನದೇ ತೆಳು ಪಟ್ಟಿ, ಎಳೆಯಬೇಕು. 2.5 ಸೆಂ.ಮೀ. ಆಗುವ ಮೊದಲೇ ಮುರಿದರೆ ಗೋಡು ಮಣ್ಣಿನ ಬಳಗ, 5 ಸೆಂ.ಮೀ. ದಾಟಿಯೂ ಹಿಡಿದುಕೊಂಡರೆ ಜೇಡಿ. ಹೆಚ್ಚಿನವರು ಎಡವುವುದು ನಾದುವುದರಲ್ಲೇ. ಜೇಡಿಯ ಸಣ್ಣ ಹೆಂಟೆ ಪೂರ್ತಿ ಕರಗದೆ ಉಳಿದರೆ ಬೆರಳಿಗೆ ತರಿತರಿಯಾಗಿ ಸಿಕ್ಕಿ ಮರಳು ಅನ್ನಿಸುತ್ತದೆ. ಮಣ್ಣಿನ ಬಣ್ಣ ಗುರುತಿಸಲು ಅದನ್ನು ಮನ್ಸೆಲ್ ಬಣ್ಣದ ಚಾರ್ಟಿನ ಜೊತೆ ಹೋಲಿಸುವಾಗ ಕೂಲಿಂಗ್ ಗ್ಲಾಸ್ ತೆಗೆದಿಡಿ. ಮಣ್ಣು ಒಣಗಿದ್ದರೆ ಬಣ್ಣ ತಿಳಿಯಾಗಿ ಕಾಣುತ್ತದೆ, ಅದೂ ನೆನಪಿರಲಿ.

ಅರಣ್ಯದಲ್ಲಿ ಮರದ ದಪ್ಪ ಅಳೆಯುವುದು ನೆಲದಿಂದ 4.5 ಅಡಿ ಎತ್ತರದಲ್ಲಿ. ದಪ್ಪ ಓದಲು ಅಳತೆ ಗುರುತು ಹಾಕಿದ ಬಿಲ್ಟ್‌ಮೋರ್ ಕೋಲನ್ನು ಮರಕ್ಕೆ ಒತ್ತಿ ಹಿಡಿದಾಗ ಅದು ಕಣ್ಣಿನಿಂದ 25 ಇಂಚು ದೂರ ಇರಬೇಕು. ಮೊಣಕೈ ಬಾಗಿ ಕಣ್ಣು ಹತ್ತಿರ ಬಂತೋ, ಮರ ಇದ್ದದ್ದಕ್ಕಿಂತ ತೆಳ್ಳಗೆಂದು ಓದಿಸುತ್ತದೆ. ಯಾವ ಮರ ಲೆಕ್ಕಕ್ಕೆ ಸೇರುತ್ತದೆ ಎಂದು ನೋಡುವ ಗಾಜಿನ ತುಂಡು, ಪ್ರಿಸಂ, ಹಿಡಿದು ಸುತ್ತುವಾಗ ಪ್ಲಾಟಿನ (ಮರ ಎಣಿಸುವ ಜಾಗದ) ನಡುಬಿಂದುವಿನ ಗೂಟದ ಮೇಲೆ ಇರಬೇಕಾದ್ದು ಪ್ರಿಸಂ, ಮನುಷ್ಯನಲ್ಲ. ಗೂಟದ ಮೇಲೆ ತಾನೇ ನಿಂತು ತಿರುಗಿದರೆ ಅಂಚಿನ ಮರಗಳ ಲೆಕ್ಕ ತಪ್ಪುತ್ತದೆ.

ನೀರಿನ ವಿಭಾಗ ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಎಂಬ ಕೀಟಗಳ ನೀರಲ್ಲಿ ಬೆಳೆಯುವ ಮರಿಗಳ ಗುರುತು ಗೊತ್ತಿದ್ದವರಿಗೆ ಅರ್ಧ ಗೆದ್ದಂತೆ. ಇವು ಮೂರೂ ಕೊಳೆ ನೀರಲ್ಲಿ ಬಾಳುವುದು ಕಷ್ಟ. ವನ್ಯಜೀವಿಗೆ ತಲೆಬುರುಡೆ, ಹಲ್ಲು, ಹೆಜ್ಜೆಗುರುತು ಕೈಯಲ್ಲಿ ಹಿಡಿದು ನೋಡಿರಬೇಕು, ಫೋಟೋ ಸಾಲದು.

ಕೊರತೆ ಇಲ್ಲ ಅಂತಲ್ಲ. ಪ್ರಾದೇಶಿಕ ಸುತ್ತುಗಳ ನಿಯಮ, ಪ್ರಶ್ನೆಗಳ ಮಟ್ಟ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಹಾಗಾಗಿ ಹೆಸರು ಕೊಡುವ ಮೊದಲು ನಿಮ್ಮ ರಾಜ್ಯದ ನಿಯಮಾವಳಿ ಓದಿ. ತೀರ್ಪುಗಾರರ ಮುಂದೆ ಸಮಸ್ಯೆಯೊಂದಕ್ಕೆ ಪರಿಹಾರ ಮಂಡಿಸುವ ಮೌಖಿಕ ಭಾಗವೂ ಇದೆ. ಮಾತುಗಾರರೊಬ್ಬರನ್ನೇ ನಂಬಿದ ತಂಡ ಅಲ್ಲಿ ಸಿಕ್ಕಿಬೀಳುತ್ತದೆ. ವಿಷಯಕ್ಕೊಬ್ಬರಂತೆ ಹಂಚಿಕೊಳ್ಳುವುದೂ ಅಪಾಯ, ಒಬ್ಬರು ಜ್ವರ ಬಂದು ಮಲಗಿದರೆ ಒಂದು ವಿಭಾಗವೇ ಖಾಲಿ. ಒಂದೊಂದು ವಿಷಯಕ್ಕೆ ಇಬ್ಬರಿರಲಿ, ರಿಬ್ಬನ್ ಎಳೆಯುವುದು ಮಾತ್ರ ಐವರಿಗೂ ಬರಲಿ.