ಹಶಿಮೊಟೊ ಥೈರಾಯ್ಡ್: ಗೋಧಿ ಬಿಡೋದಾ, ಊರ ಊಟವೇ ಸಾಕಾ?

ಹಶಿಮೊಟೊ (ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುವ ಕಾಯಿಲೆ) ಅಂತ ರಿಪೋರ್ಟ್ ಬಂದರೆ ಸಾಕು, ಎಲ್ಲರೂ ‘ಗೋಧಿ ಬಿಡಿ’ ಅನ್ನುತ್ತಾರೆ. ಗೋಧಿಯಲ್ಲಿರುವ ಗ್ಲೂಟನ್ ಎಂಬ ಪ್ರೋಟೀನಿನಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆಯೂ ಇದ್ದರೆ ಬಿಡಲೇಬೇಕು. ಈ ಥೈರಾಯ್ಡ್ ಇರುವವರಲ್ಲಿ ಅದು ಸ್ವಲ್ಪ ಜಾಸ್ತಿ. ಸೀಲಿಯಾಕ್ ರಕ್ತಪರೀಕ್ಷೆಯನ್ನು ಗೋಧಿ ಬಿಡುವ ಮೊದಲೇ ಮಾಡಿಸಿ, ಆಮೇಲೆ ಮಾಡಿಸಿದರೆ ಕಾಯಿಲೆ ಕಾಣದೆ ಹೋಗಬಹುದು. ಸೀಲಿಯಾಕ್ ಇಲ್ಲದವರಿಗೆ ಗೋಧಿ ಬಿಟ್ಟರೆ ಲಾಭ ಅನ್ನಲು ಗಟ್ಟಿ ಪುರಾವೆ ಇಲ್ಲ.

ಕೊಡಗಿನವರಿಗಂತೂ ಬಿಡುವುದು ಕಷ್ಟವೇ ಅಲ್ಲ. ಕಡಂಬುಟ್ಟು, ನೂಪುಟ್ಟು, ಅಕ್ಕಿ ರೊಟ್ಟಿ ಎಲ್ಲ ಅಕ್ಕಿಯದೇ ಅಲ್ವಾ? ಗ್ಲೂಟನ್ ಇಲ್ಲದ ದುಬಾರಿ ಬ್ರೆಡ್ಡಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಊರ ಊಟದಲ್ಲಿ ನೋಡಬೇಕಾದ್ದು ಬೇರೆ. ಮಳೆಗಾಲದ ಕಣಿಲೆ (ಎಳೆ ಬಿದಿರು) ಥೈರಾಯ್ಡಿಗೆ ಅಯೋಡಿನ್ ಸಿಗದಂತೆ ತಡೆಯಬಲ್ಲದು. ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ ಅಪರೂಪಕ್ಕೆ ತಿನ್ನಿ. ಅಯೋಡಿನ್ ಉಪ್ಪು ಸಾಕು. ಕಡಲಕಳೆ ಮಾತ್ರೆ ಬೇಡ, ಅಯೋಡಿನ್ ಜಾಸ್ತಿಯಾದರೂ ತೊಂದರೆಯೇ.

ನನ್ನ ಲೆಕ್ಕದಲ್ಲಿ ಗೋಧಿಗಿಂತ ದೊಡ್ಡ ಕಳ್ಳ ಕಾಫಿ! ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆಯ ಜೊತೆಗೇ ಬೆಲ್ಲದ ಕಾಫಿ ಕುಡಿದರೆ ದೇಹ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬರೀ ನೀರಲ್ಲಿ ನುಂಗಿ, 1 ಗಂಟೆ ಕಾಯಿರಿ. ತೋಟದ ಮನೆಯಲ್ಲಿ ಇದೇ ಕಷ್ಟದ ಪಥ್ಯ! ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರವಿರಲಿ. ಯಾವ ಪಥ್ಯ ಹಿಡಿದರೂ ಡಾಕ್ಟರನ್ನು ಕೇಳದೆ ಥೈರಾಕ್ಸಿನ್ ನಿಲ್ಲಿಸಬೇಡಿ.